ಊರ ಕೆಲಸ, ಯಾರ ಹಣ?

ಮಳೆಗಾಲ ಬಂತು. ಹೋದ ವರ್ಷ ಮಾಡಿದ ರಸ್ತೆ ಕಿತ್ತುಹೋಯಿತು. ಬಸುರಿ ಹೆಂಗಸನ್ನು ಆಸ್ಪತ್ರೆಗೆ ಒಯ್ಯಲು ಗಾಡಿ ಬರಲಿಲ್ಲ. ಇಂಥ ಮಾತನ್ನು ನಾವು ಎಷ್ಟೋ ಊರುಗಳಲ್ಲಿ ಕೇಳುತ್ತೇವೆ. "ಸರ್ಕಾರದ ಕೆಲಸ ಅಂದ್ರೆ ಇಷ್ಟೇ ಬಿಡಿ" ಅಂತ ಸುಮ್ಮನಾಗುತ್ತೇವೆ.

ಆದರೆ ಆ ಹಣ ಯಾರದು? ಒಂದು ಸೋಪು ಕೊಂಡರೂ ನಾವು ತೆರಿಗೆ ಕೊಡುತ್ತೇವೆ. ಆ ಹಣದಿಂದಲೇ ರಸ್ತೆ ಆಗುತ್ತದೆ. ಅದು ನಮ್ಮೆಲ್ಲರ ಹಣ.

ಟೆಂಡರ್ ಎಂದರೆ ಏನು?

ಮನೆ ಕಟ್ಟಿಸುವಾಗ ನಾವು ಏನು ಮಾಡುತ್ತೇವೆ? ಮೂರು ನಾಲ್ಕು ಮೇಸ್ತ್ರಿಗಳನ್ನು ವಿಚಾರಿಸುತ್ತೇವೆ. ಯಾರ ಕೆಲಸ ಗಟ್ಟಿ, ಯಾರ ದರ ಕಡಿಮೆ ಅಂತ ನೋಡುತ್ತೇವೆ. ಟೆಂಡರ್ ಅಂದರೂ ಇದೇ. ಸರ್ಕಾರ ಕೆಲಸದ ವಿವರ ಪ್ರಕಟಿಸುತ್ತದೆ. ಗುತ್ತಿಗೆದಾರರು ತಮ್ಮ ತಮ್ಮ ದರ ತಿಳಿಸುತ್ತಾರೆ. ಒಬ್ಬರ ದರ ಇನ್ನೊಬ್ಬರಿಗೆ ಮೊದಲೇ ಗೊತ್ತಾಗಬಾರದು. ಅರ್ಹತೆ ಇದ್ದು ಕಡಿಮೆ ದರ ಹೇಳಿದವರಿಗೆ ಕೆಲಸ ಸಿಗಬೇಕು.

ಇದಕ್ಕಾಗಿ ನಮ್ಮ ರಾಜ್ಯದಲ್ಲಿ 1999ರ ಕಾಯ್ದೆ ಇದೆ. ಅದರ ಹೆಸರು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ. ಪಾರದರ್ಶಕತೆ ಎಂದರೆ ಎಲ್ಲರಿಗೂ ಕಾಣುವಂತೆ ಕೆಲಸ ಮಾಡುವುದು.

ಮೋಸ ಎಲ್ಲಿ ನುಸುಳುತ್ತದೆ?

ಸಣ್ಣ ಮೊತ್ತದ ಕೆಲಸಕ್ಕೆ ಟೆಂಡರ್ ಬೇಕಿಲ್ಲ. ಕೆಲವರು ಇದನ್ನೇ ದಾರಿ ಮಾಡಿಕೊಳ್ಳುತ್ತಾರೆ. ಒಂದು ದೊಡ್ಡ ಕೆಲಸವನ್ನು ತುಂಡು ತುಂಡು ಮಾಡಿ ಬೇಕಾದವರಿಗೆ ಹಂಚುತ್ತಾರೆ. ಕೆಲವು ಕಡೆ ಗುತ್ತಿಗೆದಾರರು ಒಳಗೊಳಗೇ ಮಾತಾಡಿಕೊಂಡು ದರ ಏರಿಸುತ್ತಾರೆ. ಇನ್ನು ಕೆಲವು ಕಡೆ ಸಿಮೆಂಟು ಕಡಿಮೆ ಹಾಕಿ, ಪೂರ್ತಿ ಹಾಕಿದಂತೆ ಬರೆಯುತ್ತಾರೆ.

ನಾವು ಏನನ್ನು ಓದಬೇಕು?

ಮೂರು ಕಾಗದ ಮುಖ್ಯ. ಒಂದು, ಅಂದಾಜು ಪಟ್ಟಿ. ರಸ್ತೆ ಎಷ್ಟು ಉದ್ದ, ಎಷ್ಟು ದಪ್ಪ ಅಂತ ಅದರಲ್ಲಿದೆ. ಎರಡು, ಕರಾರು ಪತ್ರ. ಕೆಲಸ ಯಾವಾಗ ಮುಗಿಯಬೇಕು, ಕೆಟ್ಟರೆ ಯಾರು ಹೊಣೆ ಅಂತ ಅದು ಹೇಳುತ್ತದೆ. ಮೂರು, ಅಳತೆ ಪುಸ್ತಕ. ಅದರಲ್ಲಿ ಬರೆದ ಅಳತೆಯ ಮೇಲೆ ಬಿಲ್ಲು ಆಗುತ್ತದೆ.

ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ, ಮಾಡಿದ ಗುತ್ತಿಗೆದಾರರೇ 5 ವರ್ಷ ನೋಡಿಕೊಳ್ಳಬೇಕು. ಇದು ಗೊತ್ತಿದ್ದರೆ, ಗುಂಡಿ ಬಿದ್ದಾಗ ಯಾರನ್ನು ಕೇಳಬೇಕೆಂದು ತಿಳಿಯುತ್ತದೆ.

ಓದಿದರೆ ಏನಾಗುತ್ತದೆ?

1994ರಲ್ಲಿ ರಾಜಸ್ಥಾನದ ಕೋಟ್ ಕಿರಾಣಾ ಎಂಬ ಹಳ್ಳಿಯಲ್ಲಿ ಜನ ಸಭೆ ಸೇರಿದರು. ಕೆಲಸದ ಹಾಜರಿ ಪಟ್ಟಿ, ಬಿಲ್ಲುಗಳನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ಓದು ಬಾರದವರೂ ಕೇಳಿದರು. ಕೆಲಸಕ್ಕೆ ಬಾರದವರ ಹೆಸರೂ ಪಟ್ಟಿಯಲ್ಲಿತ್ತು! ಇಂಥ ಸಭೆಗಳಿಂದ ಬೆಳೆದ ಹೋರಾಟದ ಫಲವಾಗಿ 2005ರಲ್ಲಿ ದೇಶದಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು.

ಈ ಕಾಯ್ದೆಯಲ್ಲಿ ನಾವು ಕಾಗದದ ನಕಲು ಕೇಳಬಹುದು. ಕೆಲಸವನ್ನು ಕಣ್ಣಾರೆ ಪರಿಶೀಲಿಸಬಹುದು. ಬಳಸಿದ ಸಾಮಾನಿನ ಮಾದರಿಯನ್ನೂ ಕೇಳಬಹುದು. ಅರ್ಜಿ ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು.

ಒಬ್ಬರೇ ಹೋಗಲು ಅಂಜಿಕೆಯಾದರೆ ನಾಲ್ಕು ಜನ ಸೇರಿ ಹೋಗೋಣ. ಗ್ರಾಮಸಭೆಯಲ್ಲೂ ಕೇಳೋಣ. ಈಗ ಈ ಸಾಲನ್ನು ನಿಮ್ಮ ಪುಸ್ತಕದಲ್ಲಿ ಬರೆಯಿರಿ:

"ನಮ್ಮ ಊರಿನ ರಸ್ತೆಯ ಅಂದಾಜು ಪಟ್ಟಿ, ಕರಾರು ಪತ್ರ ಮತ್ತು ಅಳತೆ ಪುಸ್ತಕದ ನಕಲು ಕೊಡಿ."

ಕೆಳಗೆ ನಿಮ್ಮ ಹೆಸರು, ವಿಳಾಸ ಬರೆದು ಸಹಿ ಹಾಕಿ.