ಮುಳ್ಳು ಮುರಿದ ಜಾಗದಲ್ಲಿ ಮ್ಯಾಕ್ರೋಫೇಜ್

ಇಂಡಿ ತಾಲ್ಲೂಕಿನ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಆ ಹಣ್ಣು ಬಿಡಿಸುವವರ ಮುಂಗೈ ನೋಡಿದರೆ ಸಾಕು, ಗಿಡದ ಮುಳ್ಳಿನ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ಸಿಂದಗಿಯ ಲಿಂಬೆ ತೋಟಗಳಲ್ಲೂ ಇದೇ ಪಾಡು. ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹೊಲಗಳಲ್ಲಿ ತೊಗರಿ ಕೊಯ್ದ ಕೂಳೆ ಚುಚ್ಚುತ್ತದೆ, ಬದುವಿನ ಜಾಲಿ ಚುಚ್ಚುತ್ತದೆ. ಮರುದಿನ ಬೆರಳು ಕೆಂಪೇರಿ, ಬಿಸಿಯಾಗಿ, ಬಾತು, ಟಕಟಕ ಮಿಡಿಯತೊಡಗಿದರೆ ‘ನಂಜಾಗ್ಯಾದ’ ಎನ್ನುತ್ತಾರೆ. ಆದರೆ ಆ ಕೆಂಪು, ಬಿಸಿ, ಬಾವು, ನೋವುಗಳಲ್ಲಿ ಬಹುಪಾಲು ಮುಳ್ಳು ಮಾಡಿದ್ದಲ್ಲ, ನಮ್ಮ ದೇಹವೇ ಮಾಡಿದ್ದು.

ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳು ಚರ್ಮದಡಿ ಮೊದಲೇ ಬೀಡುಬಿಟ್ಟಿರುತ್ತವೆ. ಮುಳ್ಳಿನ ಜತೆ ಬಂದ ಬ್ಯಾಕ್ಟೀರಿಯಾಗಳನ್ನು ಗುರುತು ಹಿಡಿದು ನುಂಗುತ್ತವೆ, ಸೈಟೊಕೈನ್ ಎಂಬ ರಾಸಾಯನಿಕಗಳನ್ನೂ ಸ್ರವಿಸುತ್ತವೆ. ಅದರಿಂದ ಸುತ್ತಲಿನ ರಕ್ತನಾಳಗಳು ಹಿಗ್ಗಿ, ಗೋಡೆ ಸಡಿಲಾಗಿ, ದ್ರವ ಸೋರುತ್ತದೆ. ಕೆಲವೇ ತಾಸುಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣಗಳು ನುಗ್ಗಿ ಬರುತ್ತವೆ. ಒಂದೆರಡು ದಿನಕ್ಕೆ ರಕ್ತದ ಮಾನೊಸೈಟುಗಳೂ ಬಂದು ಹೊಸ ಮ್ಯಾಕ್ರೋಫೇಜುಗಳಾಗುತ್ತವೆ. ಕೀವಿನಲ್ಲಿರುವುದು ಹೆಚ್ಚಾಗಿ ಸತ್ತ ನ್ಯೂಟ್ರೋಫಿಲುಗಳೇ. ಅವನ್ನೂ ನುಂಗಿ ಮುಗಿಸಿದ ಮ್ಯಾಕ್ರೋಫೇಜ್ ಆಮೇಲೆ ವರಸೆ ಬದಲಿಸುತ್ತದೆ: ಉರಿಯೂತ ತಗ್ಗಿಸುವ, ಹೊಸ ರಕ್ತನಾಳ ಬೆಳೆಸುವ, ಗಾಯ ಕೂಡಿಸುವ ಸಂಕೇತಗಳನ್ನು ಕಳಿಸುತ್ತದೆ. ಶುರು ಮಾಡಿದ್ದನ್ನು ನಿಲ್ಲಿಸಲೂ ಬಲ್ಲದು ಎಂಬುದೇ ಈ ಕೋಶದ ದೊಡ್ಡ ಗುಣ ಎಂದು ನನ್ನ ಎಣಿಕೆ.

ಭಕ್ಷಕ ಕೋಶಗಳ ಈ ಕಾವಲು ಕೆಲಸ ಮೊದಲು ಕಣ್ಣಿಗೆ ಬಿದ್ದದ್ದೂ ಮುಳ್ಳಿನಿಂದಲೇ. 1882ರಲ್ಲಿ ಇಟಲಿಯ ಮೆಸ್ಸೀನಾದಲ್ಲಿ ಜೀವವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗಳಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟರು. ಬೆಳಗಾಗುವಷ್ಟರಲ್ಲಿ ಚಲಿಸುವ ಕೋಶಗಳು ಮುಳ್ಳನ್ನು ಮುತ್ತಿದ್ದವು. 1908ರಲ್ಲಿ ಪಾಲ್ ಎರ್ಲಿಖ್ ಜತೆ ಅವರಿಗೆ ನೊಬೆಲ್ ಬಂತು.

ಮುಳ್ಳಿನ ತುಣುಕು ಒಳಗೇ ಉಳಿದರೆ? ಅದು ಕರಗುವಂಥದ್ದಲ್ಲ, ಮ್ಯಾಕ್ರೋಫೇಜುಗಳು ಬಿಡುವಂಥವೂ ಅಲ್ಲ. ಹಲವು ಒಂದಕ್ಕೊಂದು ಬೆರೆತು ದೈತ್ಯ ಕೋಶಗಳಾಗಿ, ತುಣುಕಿನ ಸುತ್ತ ಗ್ರಾನ್ಯುಲೋಮ ಎಂಬ ಗಂಟು ಕಟ್ಟುತ್ತವೆ. ತಿಂಗಳಾದರೂ ಕರಗದ, ಒತ್ತಿದರೆ ನೋಯುವ ಗಂಟು ಹಲವು ಬಾರಿ ಇದೇ ಆಗಿರುತ್ತದೆ.

ಶ್ವಾಸಕೋಶದಲ್ಲಿ ಇಂಥದೇ ಗಂಟು ಕಟ್ಟಿಸುವುದು ಕ್ಷಯದ ಬ್ಯಾಕ್ಟೀರಿಯಾ. ರಾಬರ್ಟ್ ಕಾಖ್ ಅದನ್ನು ಲೋಕಕ್ಕೆ ತೋರಿಸಿದ್ದು ಅದೇ 1882ರ ಮಾರ್ಚ್ 24ರಂದು. ಮ್ಯಾಕ್ರೋಫೇಜ್ ಅದನ್ನು ನುಂಗುತ್ತದೆ, ಆದರೆ ಜೀರ್ಣಿಸುವ ಲೈಸೊಸೋಮ್ ತನ್ನತ್ತ ಬಾರದಂತೆ ಈ ಬ್ಯಾಕ್ಟೀರಿಯಾ ತಡೆದು, ನುಂಗಿದ ಕೋಶದೊಳಗೇ ಬದುಕುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದು, ಹೊಟ್ಟೆಗೆ ಸಾಲದೆ ಇಲ್ಲವೇ ಬೇರೆ ಕಾಯಿಲೆಯಿಂದ ಮೈ ಬಡವಾದಾಗ ಹೊರಬೀಳುತ್ತದೆ. ಇದರ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯಬೇಕಾಗುವುದಕ್ಕೆ ಹೀಗೆ ಅಡಗಿ ಕೂರುವ ಗುಣವೂ ಒಂದು ಕಾರಣ.

ಮತ್ತೆ ಮುಳ್ಳಿನ ಗಾಯಕ್ಕೆ ಬಂದರೆ, ಸಕ್ಕರೆ ಕಾಯಿಲೆಯವರಲ್ಲಿ ಮ್ಯಾಕ್ರೋಫೇಜ್ ವರಸೆ ಬದಲಿಸುವುದು ತಡವಾಗುತ್ತದೆ, ಗಾಯ ಮಾಯುವುದೂ ಹಾಗೆಯೇ. ಯಾರಿಗೇ ಚುಚ್ಚಲಿ, ಮುಳ್ಳನ್ನು ಪೂರ್ತಿ ತೆಗೆಸಿ, ಸೋಪು ನೀರಿನಲ್ಲಿ ತೊಳೆದು, ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ಕೇಳಿ. ಸಕ್ಕರೆ ಕಾಯಿಲೆ ಇದ್ದರೆ ಸಣ್ಣ ಗಾಯವನ್ನೂ ವೈದ್ಯರಿಗೆ ತೋರಿಸಿ. ಕೆಮ್ಮು ಎರಡು ವಾರ ದಾಟಿದರೆ ಕ್ಷಯವೇನೋ ಎಂದು ಕಫ ಪರೀಕ್ಷೆ ಮಾಡಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಉಚಿತ, ಮಾತ್ರೆಯೂ ಉಚಿತ.