ಆಸ್ಪತ್ರೆಯವರು ಬರೆಯುವ ‘ಶಾಕ್’ ಎಂದರೇನು?



‘ಶಾಕ್’ ಎಂದೊಡನೆ ನಮಗೆ ನೆನಪಾಗುವುದು ಪಂಪ್‌ಸೆಟ್ಟಿನ ಕರೆಂಟು. ವಾಂತಿಭೇದಿಯಿಂದ ನಿತ್ರಾಣನಾದ ತಮ್ಮನನ್ನು ಆಸ್ಪತ್ರೆಗೆ ಕರೆದೊಯ್ದ ನಮ್ಮ ವಲಯದ ರೈತರೊಬ್ಬರು, ಡಾಕ್ಟರು “ಇವನಿಗೆ ಶಾಕ್ ಆಗಿದೆ” ಎಂದಾಗ, “ಇಲ್ಲ ಸ್ವಾಮಿ, ಎರಡು ದಿನದಿಂದ ಇವನು ಮೋಟಾರಿನ ಹತ್ತಿರವೇ ಹೋಗಿಲ್ಲ” ಎಂದರು. ತಪ್ಪು ಅವರದಲ್ಲ. ಮಾತು ಒಂದೇ, ಅರ್ಥ ಬೇರೆ.

ವೈದ್ಯರ ಮಾತಿನಲ್ಲಿ ಶಾಕ್ ಎಂದರೆ ಅಂಗಾಂಗಗಳಿಗೆ ಬೇಕಾದಷ್ಟು ರಕ್ತ ಹರಿಯದಿರುವ ಸ್ಥಿತಿ. ಇದನ್ನು ನಮ್ಮ ನೀರಾವರಿಗೆ ಹೋಲಿಸಿ ನೋಡಿರಿ. ಪೈರಿಗೆ ನೀರು ಬಾರದಿದ್ದರೆ ಪಂಪು ಕೆಟ್ಟಿರಬಹುದು, ಕಾಲುವೆಯ ಬದು ಸಡಿಲವಾಗಿರಬಹುದು, ಇಲ್ಲವೇ ಬಾವಿಯೇ ಬತ್ತಿರಬಹುದು. ಪೈರು ಬಾಡುವುದು ಒಂದೇ ರೀತಿ. ಮಾಡಬೇಕಾದ ರಿಪೇರಿ ಮಾತ್ರ ಬೇರೆ. ಹೃದಯ ಸೋತು ಆಗುವ ಶಾಕ್ ಕೆಟ್ಟ ಪಂಪಿನಂತೆ. ಸೋಂಕು ಮೈಗೇರಿ ರಕ್ತನಾಳಗಳು ಸಡಿಲಗೊಂಡು ಆಗುವುದು ಕೆಟ್ಟ ಕಾಲುವೆಯಂತೆ. ರಕ್ತವೋ ನೀರಿನಂಶವೋ ಹೊರಟುಹೋಗಿ ಆಗುವುದು ಬತ್ತಿದ ಬಾವಿಯಂತೆ.

ಈ ಭೇದವನ್ನು ದಾಖಲೆಯಲ್ಲಿ ಗುರುತಿಸಲು ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣವಿದೆ. ಅದರ 10ನೆಯ ಪರಿಷ್ಕರಣದ ಸಂಕೇತಗಳು ಹೀಗಿವೆ:

1. ಹೃದಯ ಸೋತು ಆದ ಶಾಕ್: ಆರ್ 57.0
2. ರಕ್ತ ಅಥವಾ ನೀರಿನಂಶ ಕಡಿಮೆಯಾಗಿ ಆದದ್ದು: ಆರ್ 57.1
3. ಸೋಂಕಿನಿಂದ ಆದದ್ದು: ಆರ್ 57.2
4. ಪೆಟ್ಟು, ಗಾಯಗಳಿಂದ ಆದದ್ದು: ಟಿ 79.4
5. ಹೆರಿಗೆಯ ಸಮಯದಲ್ಲಿ ಅಥವಾ ನಂತರ ಆದದ್ದು: ಓ 75.1
6. ಕರೆಂಟು ಹೊಡೆದದ್ದು: ಟಿ 75.4

ಕಾರಣ ತಿಳಿಸದೆ ಬರಿಯ ‘ಶಾಕ್’ ಎಂದು ಬರೆದರೆ ಅದು ಆರ್ 57.9, ಅಂದರೆ ‘ಇಂಥದೆಂದು ಹೇಳಿಲ್ಲ’ ಎಂಬ ಗುಂಪಿಗೆ ಸೇರುತ್ತದೆ. ಭೇದಿಯಿಂದ ನೀರು ಬತ್ತಿ ಶಾಕ್ ಆಗಿದ್ದರೆ ಭೇದಿ ಕಾರಣ, ಶಾಕ್ ಅದರ ಫಲ. ಎರಡೂ ದಾಖಲಾಗಬೇಕು.

ಇದರಿಂದ ನಮಗೇನು ಎನ್ನುವಿರಾ? ಸಂಕೇತ ಹಾಕುವವರು ರೋಗಿಯನ್ನು ಕಂಡಿರುವುದಿಲ್ಲ; ವೈದ್ಯರು ಬರೆದುದನ್ನಷ್ಟೇ ಕಾಣುತ್ತಾರೆ. ಒಂದೇ ಕೇರಿಯ ನಾಲ್ವರು ಭೇದಿಯಿಂದ ಮಲಗಿದ್ದರೂ ಕಾಗದದಲ್ಲಿ ಬರಿಯ ‘ಶಾಕ್’ ಎಂದಿದ್ದರೆ, ಆ ಕೇರಿಯ ಕುಡಿಯುವ ನೀರನ್ನು ಪರೀಕ್ಷಿಸಬೇಕೆಂದು ಲೆಕ್ಕ ನೋಡಿದವರಿಗೆ ಹೊಳೆಯುವುದು ಹೇಗೆ?

ಆದುದರಿಂದ ರೋಗಿಯೊಡನೆ ಹೋದವರು ಈ ಸಂಗತಿಗಳನ್ನು ತಪ್ಪದೆ ಹೇಳಬೇಕು: ವಾಂತಿಭೇದಿ ಯಾವಾಗ ಆರಂಭವಾಯಿತು, ಎಷ್ಟು ಸಲ ಆಯಿತು, ಮೂತ್ರ ಕಡೆಯ ಬಾರಿ ಯಾವಾಗ ಹೋಯಿತು, ಗಾಯ ಯಾವ ಯಂತ್ರದಿಂದಾಯಿತು, ಬಾಣಂತಿಗೆ ಎಷ್ಟು ಬಟ್ಟೆ ತೊಯ್ಯುವಷ್ಟು ರಕ್ತ ಹೋಯಿತು, ಮನೆಯಲ್ಲಿ, ನೆರೆಯಲ್ಲಿ ಇನ್ನಾರಿಗೆ ಹೀಗಾಗಿದೆ. ಮನೆಗೆ ಮರಳುವಾಗ ಬಿಡುಗಡೆಯ ಚೀಟಿಯಲ್ಲಿ ಕಾರಣ ಬರೆದಿದೆಯೇ ಎಂದು ವಿನಯದಿಂದ ಕೇಳಿರಿ.

ಕೈಕಾಲು ತಣ್ಣಗಾಗಿ, ನಾಡಿ ಬೇಗ ಬಡಿದು, ಮಾತು ತೊದಲಿದರೆ ತಡಮಾಡದೆ 108ಕ್ಕೆ ಫೋನು ಮಾಡಿರಿ. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಗಾಯವನ್ನು ಒತ್ತಿಹಿಡಿಯಿರಿ. ಭೇದಿಯಾದವರಿಗೆ ಪ್ರಜ್ಞೆಯಿದ್ದರೆ ಓ.ಆರ್.ಎಸ್. ಗುಟುಕು ಗುಟುಕಾಗಿ ಕುಡಿಸಿರಿ. ಪೊಟ್ಟಣವಿಲ್ಲದಿದ್ದರೆ 1 ಲೀಟರು ಶುದ್ಧ ನೀರಿಗೆ ಮಟ್ಟವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಸಾಕು. ಪ್ರಜ್ಞೆಯಿಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿರಿ.

ನೀವು ಹೇಳುವ ನಾಲ್ಕು ಮಾತು ಇಂದು ರೋಗಿಗೆ, ನಾಳೆ ಊರಿಗೆ ಉಪಕಾರವಾಗುತ್ತದೆ.

— ನಿಮ್ಮ ಗ್ರಾಮಸೇವಕ