ಎಚ್.ಐ.ವಿ. ಸೋಂಕಿತ ತಾಯಂದಿರ ಮಕ್ಕಳಲ್ಲಿ ರಕ್ತಹೀನತೆ

ತಾಯಿಗೆ ಎಚ್.ಐ.ವಿ. ಸೋಂಕು ಇದ್ದರೆ ಮಗುವಿಗೂ ಅದು ತಗುಲಿಯೇ ತೀರುವುದೆಂಬ ಭಾವನೆ ಜನರಲ್ಲಿ ಬೇರೂರಿದೆ. ಇದು ನಿಜವಲ್ಲ. ಯಾವ ಔಷಧೋಪಚಾರವೂ ಇಲ್ಲದಿದ್ದಾಗ, ಎದೆಹಾಲೂಡುವ ಅವಧಿಯೂ ಸೇರಿ, ನೂರರಲ್ಲಿ 15ರಿಂದ 45 ಶಿಶುಗಳಿಗೆ ಸೋಂಕು ಹರಡಬಹುದು. ಸಕಾಲದಲ್ಲಿ ಚಿಕಿತ್ಸೆ ದೊರೆತಲ್ಲಿ ಈ ಸಂಖ್ಯೆಯನ್ನು 5ಕ್ಕಿಂತ ಕೆಳಗಿಳಿಸಲು ಸಾಧ್ಯವಿದೆ.

ಈ ಅರಿವಿನ ಒಂದು ಪಾಲು ಪುಣೆಯಿಂದ ಬಂದುದು. ಅಲ್ಲಿನ ಬಿ.ಜೆ. ಸರ್ಕಾರಿ ವೈದ್ಯಕೀಯ ಮಹಾವಿದ್ಯಾಲಯ ಹಾಗೂ ಸಸೂನ್ ಆಸ್ಪತ್ರೆಯಲ್ಲಿ ಎದೆಹಾಲುಣ್ಣುವ ಶಿಶುಗಳಿಗೆ ಆರು ವಾರಗಳ ಕಾಲ ನೆವಿರಾಪಿನ್ ಔಷಧ ನೀಡಿ ಅಧ್ಯಯನ ನಡೆಸಲಾಯಿತು. ಇಥಿಯೋಪಿಯಾ, ಉಗಾಂಡಾಗಳಲ್ಲಿಯೂ ಇಂತಹ ಅಧ್ಯಯನಗಳು ನಡೆದು, ಮೂರರ ಒಟ್ಟು ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಹುಟ್ಟಿದಾಗ ಒಮ್ಮೆ ಮಾತ್ರ ಔಷಧ ಪಡೆದ ಶಿಶುಗಳಿಗಿಂತ ಇವರಲ್ಲಿ, ಆರನೆಯ ವಾರದ ಹೊತ್ತಿಗೆ, ಸೋಂಕು ಕಡಿಮೆಯಿತ್ತು.

ಆದರೆ ಸೋಂಕಿನಿಂದ ಪಾರಾದ ಮಗು ಅಪಾಯದಿಂದಲೂ ಪಾರಾಯಿತೆಂದು ತಿಳಿಯಲಾಗದು. ಸೋಂಕು ತಗುಲದಿದ್ದರೂ ಇಂತಹ ಮಕ್ಕಳಲ್ಲಿ ಕಾಯಿಲೆ ಮತ್ತು ಸಾವು ಇತರ ಮಕ್ಕಳಿಗಿಂತ ಹೆಚ್ಚಾಗಿ ಕಂಡುಬಂದಿವೆ. ಸೋಂಕು ತಗುಲಿದ ಮಕ್ಕಳಲ್ಲಂತೂ ತೀವ್ರ ರಕ್ತಹೀನತೆಯು ಸಾವಿನ ಸಂಭವ ಹೆಚ್ಚಿದೆಯೆಂಬುದರ ಸೂಚನೆಯೆಂದು ವೈದ್ಯರು ಪರಿಗಣಿಸುತ್ತಾರೆ.

ಇದಕ್ಕೆ ಕಾರಣ ಒಂದೇ ಅಲ್ಲ. ರಕ್ತಹೀನ ತಾಯಿಯ ಮಗು, ಅದರಲ್ಲಿಯೂ ಅವಧಿಗೆ ಮುನ್ನ ಹುಟ್ಟಿದ ಕಡಿಮೆ ತೂಕದ ಮಗು, ಕಬ್ಬಿಣದ ಅಂಶದ ದಾಸ್ತಾನು ಕಡಿಮೆಯಿರುವಂತೆಯೇ ಜನಿಸುತ್ತದೆ. ಮೇಲಿಂದ ಮೇಲೆ ಬರುವ ಜ್ವರ, ಭೇದಿಗಳು ಅದನ್ನು ಇನ್ನಷ್ಟು ಸೊರಗಿಸುತ್ತವೆ. ಎಚ್.ಐ.ವಿ. ವೈರಾಣುವಿನಿಂದ ಅಸ್ಥಿಮಜ್ಜೆಯಲ್ಲಿ ರಕ್ತಕಣಗಳ ಉತ್ಪತ್ತಿ ಕುಂಠಿತವಾಗುವುದುಂಟು. ಜಿಡೋವುಡಿನ್ ಎಂಬ ಔಷಧದಿಂದಲೂ ಕೆಲವರಲ್ಲಿ ರಕ್ತ ಕಡಿಮೆಯಾಗುತ್ತದೆ. ಹಾಗೆಂದು ಪೋಷಕರು ತಾವಾಗಿಯೇ ಔಷಧ ನಿಲ್ಲಿಸಕೂಡದು. ಬದಲಿ ಔಷಧಗಳಿವೆ, ನಿರ್ಧಾರ ವೈದ್ಯರದು.

ರಕ್ತಹೀನತೆ ನಮ್ಮಲ್ಲಿ ಎಷ್ಟು ಸಾಮಾನ್ಯವೆಂದರೆ ಅದನ್ನು ಕಾಯಿಲೆಯೆಂದೇ ಎಣಿಸುವವರು ವಿರಳ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 67 ಮಂದಿ ರಕ್ತಹೀನರು. ಈ ಗುಂಪಿನಲ್ಲಿ ಅಪಾಯದ ಮಗು ಸುಲಭವಾಗಿ ಮರೆಯಾಗಿಬಿಡುತ್ತದೆ.

ಅಂಗೈ ಮತ್ತು ಕಣ್ಣಿನ ಒಳರೆಪ್ಪೆ ಬಿಳಿಚಿಕೊಳ್ಳುವುದು, ಹಾಲು ಕುಡಿಯುವಾಗ ಮಗು ಬೇಗ ದಣಿಯುವುದು ಇದರ ಲಕ್ಷಣಗಳು. ಆದರೆ ಲಕ್ಷಣಕ್ಕಾಗಿ ಕಾಯಬೇಕಾಗಿಲ್ಲ. ಆರನೆಯ ವಾರದಿಂದ ಹದಿನೆಂಟನೆಯ ತಿಂಗಳವರೆಗೆ ಹಂತಹಂತವಾಗಿ ನಡೆಯುವ ಎಚ್.ಐ.ವಿ. ಪರೀಕ್ಷೆಗೆ ಮಗುವನ್ನು ಕರೆತಂದಾಗ ಹಿಮೋಗ್ಲೋಬಿನ್ ಪರೀಕ್ಷೆಯ ಬಗ್ಗೆಯೂ ವೈದ್ಯರನ್ನು ಕೇಳತಕ್ಕದ್ದು. ಎಲ್ಲ ರಕ್ತಹೀನತೆಯೂ ಕಬ್ಬಿಣದ ಕೊರತೆಯಿಂದಲೇ ಬರುವುದಿಲ್ಲವಾದ್ದರಿಂದ ಟಾನಿಕ್ ಅನ್ನು ವೈದ್ಯರ ಸಲಹೆಯಂತೆಯೇ ಕೊಡಬೇಕು. ಸರ್ಕಾರಿ ಎ.ಆರ್.ಟಿ. ಕೇಂದ್ರಗಳಲ್ಲಿ ತಾಯಿ ಮತ್ತು ಮಗುವಿಗೆ ಎಚ್.ಐ.ವಿ. ಔಷಧಗಳು ಉಚಿತವಾಗಿ ದೊರೆಯುತ್ತವೆ. ಹೆಚ್ಚಿನ ಮಾಹಿತಿಗೆ 1097 ಸಂಖ್ಯೆಗೆ ಶುಲ್ಕವಿಲ್ಲದೆ ದೂರವಾಣಿ ಕರೆ ಮಾಡಬಹುದು.